ಮೊದಲ ಪ್ರೈಮ್ ಲೆನ್ಸ್ ಕೊಳ್ಳುವ ಮುಂಚೆ ಕೋಣೆ ಅಳೆಯಿರಿ

ಕಿಟ್ ಲೆನ್ಸ್ ಜೊತೆ ಕ್ಯಾಮೆರಾ ತಗೊಂಡು ಸ್ವಲ್ಪ ಕಾಲ ಆದಮೇಲೆ ಬಹಳ ಜನ ಕೇಳುವ ಪ್ರಶ್ನೆ ಒಂದೇ: ಮುಂದೆ ಯಾವ ಪ್ರೈಮ್ ಲೆನ್ಸ್ ತಗೊಳ್ಳಲಿ? ಸಿಗುವ ಉತ್ತರವೂ ಒಂದೇ. ಕಣ್ಣು ಮುಚ್ಚಿಕೊಂಡು 50 ಎಂಎಂ ಎಫ್ 1.8 ತಗೊಳ್ಳಿ, ಬೆಲೆ ಕಡಿಮೆ, ಹಿನ್ನೆಲೆ ಸಖತ್ತಾಗಿ ಮಸುಕಾಗುತ್ತದೆ ಅಂತ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಹಾಗೆ ತಗೊಂಡ ಎಷ್ಟೋ ಲೆನ್ಸುಗಳು ಎರಡೇ ತಿಂಗಳಲ್ಲಿ ಬೀರು ಸೇರುತ್ತವೆ. ಲೆನ್ಸ್ ಕೆಟ್ಟದ್ದು ಅಂತಲ್ಲ, ಆ ಮನೆಯೊಳಗೆ ಅದನ್ನು ಬಳಸೋಕೆ ಜಾಗವೇ ಸಾಲುವುದಿಲ್ಲ.

ಪ್ರೈಮ್ ಅಂದರೆ ಜೂಮ್ ಆಗದ ಲೆನ್ಸು, ಇದು ನಿಮಗೆ ಗೊತ್ತಿರುತ್ತದೆ. ಜೂಮ್ ಬಿಟ್ಟುಕೊಟ್ಟು ನಾವು ಪಡೆಯುವುದು ಮುಖ್ಯವಾಗಿ ಬೆಳಕು. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನೊಳಗಿನ ಕಿಂಡಿ, ಅಂದರೆ ಅಪರ್ಚರ್, ದೊಡ್ಡದಾಗಿ ತೆರೆಯುತ್ತದೆ. ನಿಮ್ಮ 18-55 ಕಿಟ್ ಲೆನ್ಸ್ 55ರ ತುದಿಯಲ್ಲಿ ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಎಫ್ 1.8 ಲೆನ್ಸು ಅದಕ್ಕಿಂತ ಹತ್ತಿರ ಹತ್ತಿರ 10 ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅಂದರೆ ಸಂಜೆ ಟ್ಯೂಬ್‌ಲೈಟಿನಲ್ಲಿ ಓಡಾಡುವ ಮಗುವಿಗೆ ಕಿಟ್ ಲೆನ್ಸ್ 1/25 ಸೆಕೆಂಡ್ ಕೇಳುವ ಕಡೆ ಇದು 1/250ರಲ್ಲಿ ಕೆಲಸ ಮುಗಿಸುತ್ತದೆ, ಅದೇ ಐಎಸ್‌ಒನಲ್ಲಿ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ). ಮೊದಲನೆಯದರಲ್ಲಿ ಮಗುವಿನ ಕೈಕಾಲು ಅಲುಗಿ ಕಲಸಿಹೋಗುತ್ತವೆ, ಎರಡನೆಯದರಲ್ಲಿ ನಿಲ್ಲುತ್ತವೆ. ಸ್ಟೆಬಿಲೈಸೇಶನ್ ಇದೆಯಲ್ಲ ಅನ್ನಬೇಡಿ. ಅದು ನಿಮ್ಮ ಕೈ ನಡುಗುವುದನ್ನು ತಡೆಯುತ್ತದೆ, ಮಗು ಓಡುವುದನ್ನಲ್ಲ.

ಟೇಪ್ ಹಿಡಿದು ಕೋಣೆ ಅಳೆಯಿರಿ

ಲೆನ್ಸ್ ಆರಿಸುವಾಗ ಮೊದಲು ತೀರ್ಮಾನ ಆಗಬೇಕಾದದ್ದು ಫೋಕಲ್ ಲೆಂತ್, ಅಂದರೆ ಲೆನ್ಸ್ ಹೆಸರಿನಲ್ಲಿರುವ ಎಂಎಂ ಸಂಖ್ಯೆ. ಅದು ದೊಡ್ಡದಾದಷ್ಟೂ ಫ್ರೇಮಿನಲ್ಲಿ ಹಿಡಿಸುವ ಜಾಗ ಕಡಿಮೆ. ಎಫ್ ನಂಬರ್, ಬ್ರ್ಯಾಂಡ್, ರಿವ್ಯೂ ಎಲ್ಲ ಆಮೇಲೆ. ಫಿಲಂ ಕಾಲದಲ್ಲಿ 50 ಎಂಎಂ ಮಾಮೂಲಿ ಲೆನ್ಸ್ ಆಗಿತ್ತು, ಯಾಕೆಂದರೆ ಆಗ ಫ್ರೇಮಿನ ಅಗಲ 36 ಎಂಎಂ. ಈಗ ಹೆಚ್ಚಿನ ಹವ್ಯಾಸಿಗಳ ಕೈಯಲ್ಲಿರುವುದು ಕ್ರಾಪ್ ಸೆನ್ಸರ್, ಅಂದರೆ ಆ ಫಿಲಂ ಫ್ರೇಮಿಗಿಂತ ಚಿಕ್ಕ ಸೆನ್ಸರ್, ಅದರ ಅಗಲ 22ರಿಂದ 24 ಎಂಎಂ. ಅದರ ಮುಂದೆ ಅದೇ 50 ಹಾಕಿದರೆ ನಿಕಾನ್, ಸೋನಿ, ಫ್ಯೂಜಿಗಳಲ್ಲಿ 75ರಷ್ಟು, ಕ್ಯಾನನ್‌ನಲ್ಲಿ 80ರಷ್ಟು ಬಿಗಿಯಾಗಿ ಕಾಣುತ್ತದೆ. ಅದು ಪೋರ್ಟ್ರೇಟ್ ಲೆನ್ಸು. ಎಲ್ಲದಕ್ಕೂ ಒದಗುವ ಲೆನ್ಸಲ್ಲ.

ಇದನ್ನು ಅಡಿ ಲೆಕ್ಕದಲ್ಲೇ ನೋಡೋಣ. ಫ್ರೇಮಿನಲ್ಲಿ ಎಷ್ಟು ಅಡಿ ಹಿಡಿಸಬೇಕೋ ಅದನ್ನು ಫೋಕಲ್ ಲೆಂತಿನಿಂದ ಗುಣಿಸಿ, ಸೆನ್ಸರಿನ ಅಗಲದಿಂದ ಭಾಗಿಸಿ, ನೀವು ಎಷ್ಟು ದೂರ ನಿಲ್ಲಬೇಕು ಅಂತ ಬರುತ್ತದೆ. ನಿಂತ ಮನುಷ್ಯನನ್ನು ತಲೆಯಿಂದ ಪಾದದವರೆಗೆ, ಮೇಲೆ ಕೆಳಗೆ ಸ್ವಲ್ಪ ಜಾಗ ಬಿಟ್ಟು ತೆಗೆಯಲು ಆರೂವರೆ ಅಡಿ ಬೇಕು ಅಂದುಕೊಳ್ಳಿ. ಕ್ಯಾಮೆರಾ ಉದ್ದುದ್ದ ಹಿಡಿದರೂ ಕ್ರಾಪ್ ಸೆನ್ಸರಿನಲ್ಲಿ 50 ಎಂಎಂಗೆ ನೀವು 14 ಅಡಿ ಹಿಂದೆ ನಿಲ್ಲಬೇಕು. 35 ಎಂಎಂ ಆದರೆ 10 ಅಡಿ, 24 ಆದರೆ 7 ಅಡಿ. ನಮ್ಮ ಮನೆಗಳ ಕೋಣೆ 10×12 ಅಡಿ, ಅದರಲ್ಲೂ ಮಂಚವೋ ದಿವಾನವೋ ಅರ್ಧ ಜಾಗ ತಿಂದಿರುತ್ತದೆ. ಹಾಗಾಗಿ 50 ಹಿಡಿದವರು ಗೋಡೆಗೆ ಬೆನ್ನು ಕೊಟ್ಟು, ಕೊನೆಗೆ ಬಾಗಿಲಾಚೆ ಹೋಗಿ ನಿಂತು ಫೋಟೊ ತೆಗೆಯುತ್ತಾರೆ. ನಾಮಕರಣದಲ್ಲಿ ತೊಟ್ಟಿಲಿನ ಸುತ್ತ ನಿಂತ ಹೆಂಗಸರನ್ನೆಲ್ಲ ಹಿಡಿಸಲು ಎಂಟಡಿ ಅಗಲ ಬೇಕು ಅಂದರೆ 50ಕ್ಕೆ 17 ಅಡಿ ದೂರ. ಅಷ್ಟರಲ್ಲಿ ನಿಮ್ಮ ಕ್ಯಾಮೆರಾ ಮುಂದೆ ನಾಲ್ಕು ಜನ ನೆಂಟರು ಬಂದು ನಿಂತಿರುತ್ತಾರೆ.

ಹೀಗೆ ಲೆಕ್ಕ ಹಾಕಿದರೆ ಮನೆ, ಮಕ್ಕಳು, ಸಣ್ಣ ಸಮಾರಂಭ ಇಷ್ಟೇ ನಿಮ್ಮ ಪ್ರಪಂಚವಾದರೆ ಕ್ರಾಪ್ ಕ್ಯಾಮೆರಾಕ್ಕೆ 24ರಿಂದ 35ರೊಳಗಿನ ಲೆನ್ಸೇ ಸರಿ. ಬೀದಿ, ಸಂತೆ, ಜಾತ್ರೆಗೂ ಅದೇ. ಮುಖದ ಚಿತ್ರ, ಮದುಮಕ್ಕಳ ಹೊರಾಂಗಣ ಫೋಟೊ ಜಾಸ್ತಿ ತೆಗೆಯುವವರಿಗೆ 50 ಚೆನ್ನ. ಯಕ್ಷಗಾನ, ನಾಟಕ ತೆಗೆಯುವವರ ಕಥೆಯೇ ಬೇರೆ. ಕಿರೀಟ ಸೇರಿ ಏಳೂವರೆ ಅಡಿಯ ವೇಷವನ್ನು 85 ಎಂಎಂ ಹಿಡಿದು ಪೂರ್ತಿ ತುಂಬಿಸಲು 28 ಅಡಿ ದೂರ ಬೇಕು, ಅಂದರೆ ಪ್ರೇಕ್ಷಕರ ನಡುವೆಯೇ ಕೂತು ಯಾರ ಕಣ್ಣಿಗೂ ಅಡ್ಡ ಬಾರದೆ ತೆಗೆಯಬಹುದು. ರಂಗಸ್ಥಳದ ರಾತ್ರಿ ಬೆಳಕಿಗೆ ಎಫ್ 1.8 ಅನುಕೂಲ ಬೇರೆ.

ಅಗಲದ ಲೆನ್ಸಿನಲ್ಲಿ ಮೂಗು ದೊಡ್ಡದಾಗುತ್ತದೆ ಅಂತ ಹೆದರುವವರಿಗೊಂದು ಮಾತು. ಮೂಗು ದೊಡ್ಡದಾಗುವುದು ನೀವು ಮುಖದ ಹತ್ತಿರ ಹೋಗಿದ್ದರಿಂದ. ಅದೇ 24 ಎಂಎಂ ಹಿಡಿದು ಏಳೆಂಟು ಅಡಿ ದೂರ ನಿಂತರೆ ಮೂಗು ಮೂಗಿನಷ್ಟೇ ಇರುತ್ತದೆ.

ಲೆಕ್ಕದ ಮೇಲೆ ನಂಬಿಕೆ ಬರದಿದ್ದರೆ ಕಿಟ್ ಲೆನ್ಸನ್ನೇ ಪರೀಕ್ಷೆಗೆ ಇಟ್ಟುಕೊಳ್ಳಿ. ಜೂಮ್ ರಿಂಗನ್ನು 35ಕ್ಕೆ ತಿರುಗಿಸಿ, ಅಲುಗಾಡದಂತೆ ಒಂದು ತುಂಡು ಟೇಪ್ ಅಂಟಿಸಿ, ಒಂದು ವಾರ ಅದರಲ್ಲೇ ತೆಗೆಯಿರಿ. ಮುಂದಿನ ವಾರ 24, ಆಮೇಲೆ 50. ಎಲ್ಲಿ ಕೈ ಪದೇ ಪದೇ ಟೇಪ್ ಕೀಳಲು ಹೋಗುತ್ತದೋ ಆ ಅಳತೆ ನಿಮ್ಮದಲ್ಲ. ಹಳೆಯ ಫೋಟೊಗಳ ಮಾಹಿತಿ ತೆಗೆದು ಯಾವ ಫೋಕಲ್ ಲೆಂತ್ ಜಾಸ್ತಿ ಬಳಸಿದ್ದೀರಿ ಅಂತ ಎಣಿಸುವ ಸಲಹೆಯನ್ನೂ ಕೇಳಿರುತ್ತೀರಿ. ನನಗೆ ಅದರಲ್ಲಿ ಅಷ್ಟು ಭರವಸೆ ಇಲ್ಲ. ಜೂಮ್ ಕೈಯಲ್ಲಿದ್ದಾಗ ನಾವು ಸುಮ್ನೆ ಈ ತುದಿಗೋ ಆ ತುದಿಗೋ ತಿರುಗಿಸುತ್ತೇವೆ, ಎಣಿಸಿದರೆ 18 ಮತ್ತು 55 ಎರಡೇ ಗೆಲ್ಲುತ್ತವೆ.

ಎಫ್ 1.4ರ ಆಸೆ

ಫೋಕಲ್ ಲೆಂತ್ ಗೊತ್ತಾದಮೇಲೆ ಎಫ್ 1.8 ಸಾಕಾ, 1.4 ಬೇಕಾ ಅನ್ನುವ ತಲೆನೋವು ಶುರುವಾಗುತ್ತದೆ. 1.4ರಲ್ಲಿ ಸಿಗುವ ಬೆಳಕು 1.8ರ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಕ್ಯಾಮೆರಾ ಕಂಪನಿಗಳ ಸ್ವಂತ ಲೆನ್ಸುಗಳಲ್ಲಿ ಬೆಲೆ, ತೂಕ ಎರಡೂ ಆ ಲೆಕ್ಕಕ್ಕಿಂತ ತುಂಬಾ ಮೇಲೆ ಹೋಗುತ್ತವೆ. ಇನ್ನೊಂದು ವಿಷಯ. ಕ್ರಾಪ್ ಸೆನ್ಸರಿನಲ್ಲಿ 50 ಎಂಎಂ ಎಫ್ 1.8 ಇಟ್ಟು ಒಂದು ಮೀಟರ್ ದೂರದ ಮುಖಕ್ಕೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಬರುವ ಆಳ ಎರಡೂವರೆ ಸೆಂಟಿಮೀಟರ್ ಆಸುಪಾಸು. ಕಣ್ಣು ಸರಿಯಾಗಿ ಬಂದರೆ ಕಿವಿ ಮಸುಕು. ಇಬ್ಬರು ಹಿಂದೆ ಮುಂದೆ ನಿಂತರೆ ಒಬ್ಬರು ಖಂಡಿತ ಮಸುಕು, ಅದೂ ಸಾಮಾನ್ಯವಾಗಿ ಅತ್ತೆಯೇ ಆಗಿರುತ್ತಾರೆ! ಹಾಗಾಗಿ ಗುಂಪಿಗೆ ಅಪರ್ಚರನ್ನು ಎಫ್ 4, 5.6ಕ್ಕೆ ಕಿರಿದು ಮಾಡಲೇಬೇಕು. ಅಲ್ಲಿ 1.4ಕ್ಕೆ ಕೊಟ್ಟ ದುಡ್ಡಿಗೆ ಕೆಲಸವೇ ಇಲ್ಲ.

ಹಾಗಂತ 1.4 ದಂಡ ಅಲ್ಲ. ಕ್ರಾಪ್ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಇದ್ದವರಿಗೆ ಸಿಗ್ಮಾದ 16, 30, 56 ಎಂಎಂ ಎಫ್ 1.4 ಲೆನ್ಸುಗಳು ನಿಜಕ್ಕೂ ಒಳ್ಳೆಯವು, ಬೆಲೆಯೂ ತಲೆ ತಿರುಗಿಸುವುದಿಲ್ಲ. ಮೊದಲ ಪ್ರೈಮ್ ಸೋನಿಗಾದರೆ ನಾನು 30ನ್ನೇ ಹೇಳುತ್ತೇನೆ.

ಮೌಂಟ್ ಮತ್ತು ಮೋಟರ್

ಮೌಂಟ್ ಅಂದರೆ ಲೆನ್ಸ್ ಕ್ಯಾಮೆರಾಕ್ಕೆ ಕೂರುವ ಕೊಂಡಿ, ಮೋಟರ್ ಅಂದರೆ ಫೋಕಸ್ ತಿರುಗಿಸುವುದು. ಇಲ್ಲಿ ಹೆಚ್ಚು ಎಡವುವವರು ಹಳೆಯ ನಿಕಾನ್ ಇಟ್ಟುಕೊಂಡವರು. ನಿಕಾನ್‌ನ 50 ಎಂಎಂ ಎಫ್ 1.8 ಎರಡು ಬಗೆಯಲ್ಲಿದೆ. ಹೆಸರಿನ ಕೊನೆಯಲ್ಲಿ ಡಿ ಇರುವುದು ಹಳೆಯದು, ಅಗ್ಗ, ಗಾಜು ಚೆನ್ನಾಗಿದೆ, ಆದರೆ ಅದರೊಳಗೆ ಫೋಕಸ್ ಮೋಟರ್ ಇಲ್ಲ. ಡಿ 3000 ಮತ್ತು ಡಿ 5000 ಸಾಲಿನ ಕ್ಯಾಮೆರಾಗಳಲ್ಲೂ ಮೋಟರ್ ಇಲ್ಲ. ಎರಡನ್ನೂ ಜೋಡಿಸಿದರೆ ಫೋಕಸನ್ನು ಕೈಯಲ್ಲೇ ತಿರುಗಿಸಬೇಕು. ಒಳಗೇ ಮೋಟರ್ ಇರುವ, ಜಿ ಅಂತಿರುವ ಎಎಫ್-ಎಸ್ ಲೆನ್ಸ್ ಕೇಳಿ ತಗೊಳ್ಳಿ, ಅದು 2011ರಲ್ಲಿ ಬಂತು. ಇನ್ನೂ ಚೆನ್ನಾಗಿರುವುದು, ಇದೇ ಕ್ಯಾಮೆರಾಗಳಿಗೆ, 2009ರ ಎಎಫ್-ಎಸ್ ಡಿಎಕ್ಸ್ 35 ಎಂಎಂ ಎಫ್ 1.8 ಜಿ. 200 ಗ್ರಾಂ ತೂಕ, ಕೈಗೆ ಬೆಣ್ಣೆಯಂಥ ಲೆನ್ಸು, ಸೆಕೆಂಡ್ ಹ್ಯಾಂಡ್‌ನಲ್ಲೂ ಸಿಗುತ್ತದೆ. ಮುಂದೆ ನಿಕಾನ್‌ನ ಹೊಸ ಝಡ್ ಮೌಂಟ್ ಮಿರರ್‌ಲೆಸ್‌ಗೆ ಹೋದರೂ ಎಫ್‌ಟಿಝಡ್ ಅಡಾಪ್ಟರ್ (ಹಳೆಯ ಲೆನ್ಸ್ ಕೂರಿಸುವ ಜೋಡಣೆ) ಮೇಲೆ ಈ ಎಎಫ್-ಎಸ್ ಲೆನ್ಸ್ ಆಟೊಫೋಕಸ್ ಆಗುತ್ತದೆ. ಡಿ ಲೆನ್ಸ್ ಅಲ್ಲೂ ಆಗುವುದಿಲ್ಲ.

ಕ್ಯಾನನ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಇದ್ದರೆ ಇಎಫ್-ಎಸ್ 24 ಎಂಎಂ ಎಫ್ 2.8 ಎಸ್‌ಟಿಎಂ ನೋಡಿ. 125 ಗ್ರಾಂ, ಹಾಕಿದ್ದೇ ಗೊತ್ತಾಗದಷ್ಟು ತೆಳು. ಎಫ್ 2.8 ಅಂತ ಮೂಗು ಮುರಿಯಬೇಡಿ, ಮನೆಯೊಳಗೆ 50ಕ್ಕಿಂತ ಇದೇ ಜಾಸ್ತಿ ದುಡಿಯುತ್ತದೆ. 50 ಬೇಕೇ ಬೇಕು ಅನ್ನುವವರು 2015ರ ಎಸ್‌ಟಿಎಂ ತಗೊಳ್ಳಿ. 1990ರ ಹಳೆಯ ಎರಡನೇ ಆವೃತ್ತಿಯ ಮೌಂಟ್ ಪ್ಲಾಸ್ಟಿಕ್, ಫೋಕಸ್ ಸದ್ದು ಪಕ್ಕದ ಮನೆಗೂ ಕೇಳಿಸುತ್ತದೆ. ಕ್ಯಾನನ್‌ನ ಮಿರರ್‌ಲೆಸ್ ಸಾಲಾದ ಆರ್‌ಎಫ್ ಮೌಂಟ್ ಕ್ರಾಪ್ ಕ್ಯಾಮೆರಾಗಳಿಗೆ 28 ಎಂಎಂ ಎಫ್ 2.8 ಅಥವಾ 35 ಎಂಎಂ ಎಫ್ 1.8 ಮ್ಯಾಕ್ರೊ. ಫ್ಯೂಜಿಯಲ್ಲಿ 23 ಅಥವಾ 35 ಎಫ್ 2, ಎರಡೂ ತುಂತುರು ಮಳೆಗೆ ಹೆದರುವುದಿಲ್ಲ, ಕ್ಯಾಮೆರಾ ಬಾಡಿಗೂ ಅಂಥ ರಕ್ಷಣೆ ಇರಬೇಕು ಅಷ್ಟೆ. ಫುಲ್ ಫ್ರೇಮ್ (ಫಿಲಂನಷ್ಟೇ, 36 ಎಂಎಂ ಅಗಲದ ಸೆನ್ಸರ್) ಇದ್ದವರಿಗೆ ನಾನು ಹೇಳುವುದೇನಿಲ್ಲ, ನಿಮಗೆ ಆ 50ರ ಸಲಹೆ ಸರಿಯಾಗಿಯೇ ಒಪ್ಪುತ್ತದೆ, 9 ಅಡಿಯಲ್ಲಿ ಇಡೀ ಮನುಷ್ಯ ಬರುತ್ತಾನೆ.

ಅಡುಗೆ, ಒಡವೆ, ರಂಗೋಲಿ ಫೋಟೊ ತೆಗೆಯುವವರು ಕನಿಷ್ಠ ಫೋಕಸ್ ದೂರ ನೋಡುವುದನ್ನು ಮರೆಯಬಾರದು. ನಿಕಾನ್ ಎಎಫ್-ಎಸ್ 50 ಜಿ 45 ಸೆಂಟಿಮೀಟರಿಗಿಂತ ಹತ್ತಿರ ಹೋಗುವುದಿಲ್ಲ, ಕ್ಯಾನನ್ 50 ಎಸ್‌ಟಿಎಂ 35ರವರೆಗೆ ಹೋಗುತ್ತದೆ. ಮೇಲೆ ಹೇಳಿದ ಆರ್‌ಎಫ್ 35 ಮ್ಯಾಕ್ರೊ 17 ಸೆಂಟಿಮೀಟರಿಗೂ ಇಳಿಯುತ್ತದೆ. ಮೂಗುತಿ ತೆಗೆಯುವವರಿಗೆ ಈ ವ್ಯತ್ಯಾಸ ಎಲ್ಲಕ್ಕಿಂತ ದೊಡ್ಡದು.

ಅಂಗಡಿಯಲ್ಲಿ ನಿಂತು

ಲೆನ್ಸ್ ಒಳ್ಳೆಯದಾ ಅಂತ ನೋಡಲು ಲ್ಯಾಬ್ ಬೇಕಿಲ್ಲ. ನಿಮ್ಮ ಕ್ಯಾಮೆರಾ, ಒಂದು ಪತ್ರಿಕೆ ಹಾಳೆ, ಮೊಬೈಲ್ ಟಾರ್ಚ್ ಸಾಕು. ಹಾಳೆಯನ್ನು ಗೋಡೆಗೆ ಚಪ್ಪಟೆಯಾಗಿ ಅಂಟಿಸಿ, ನೇರ ಎದುರು ನಿಂತು, ಪೂರ್ತಿ ತೆರೆದ ಅಪರ್ಚರಿನಲ್ಲಿ ಒಂದು, ಎಫ್ 4ರಲ್ಲಿ ಒಂದು ತೆಗೆಯಿರಿ. ನಾಲ್ಕು ಮೂಲೆಗಳನ್ನೂ ದೊಡ್ಡದು ಮಾಡಿ ನೋಡಿ. ನಾಲ್ಕೂ ಒಂದೇ ಥರ ಸ್ವಲ್ಪ ಮಂಕಾಗಿದ್ದರೆ ಅದು ಆ ಲೆನ್ಸಿನ ಗುಣ, ಎಫ್ 4ರಲ್ಲಿ ಬಹುಮಟ್ಟಿಗೆ ಸರಿಹೋಗುತ್ತದೆ. ಒಂದೇ ಕಡೆ ಮಾತ್ರ ಅಕ್ಷರ ಕಲಸಿದ್ದರೆ ಒಳಗಿನ ಗಾಜು ಓರೆಯಾಗಿರಬಹುದು. ಕ್ಯಾಮೆರಾ ನೀವೇ ಓರೆ ಹಿಡಿದಿಲ್ಲ ಅಂತ ಇನ್ನೊಮ್ಮೆ ತೆಗೆದು ನೋಡಿ, ಆಗಲೂ ಹಾಗೇ ಇದ್ದರೆ ಬೇರೆ ಪೀಸ್ ಕೇಳಿ. ಹಿಂಜರಿಯಬೇಡಿ, ಒಂದೇ ಮಾದರಿಯಲ್ಲೂ ಪೀಸಿನಿಂದ ಪೀಸಿಗೆ ವ್ಯತ್ಯಾಸ ಇರುತ್ತದೆ. ಆಮೇಲೆ ಟಾರ್ಚ್ ಹಚ್ಚಿ ಫ್ರೇಮಿನ ಮೂಲೆಯಲ್ಲಿ ಇಟ್ಟು ಒಂದು ಫೋಟೊ ತೆಗೆಯಿರಿ. ಚಿತ್ರವಿಡೀ ಬೆಳ್ಳಗೆ ಮಬ್ಬಾಯಿತಾ? ಹಾಗಿದ್ದರೆ ದೀಪ, ಆರತಿ ಫ್ರೇಮಿನೊಳಗೆ ಬರುವ ಕಡೆ ಆ ಲೆನ್ಸ್ ನಿಮ್ಮನ್ನು ಗೋಳಾಡಿಸುತ್ತದೆ. ಜರಿ, ಬೆಳ್ಳಿ ಪಾತ್ರೆಗಳ ಅಂಚಿನಲ್ಲಿ ಎಫ್ 1.8ರಲ್ಲಿ ಸ್ವಲ್ಪ ನೇರಳೆ ಗೆರೆ ಕಾಣುವುದು ಅಗ್ಗದ ಲೆನ್ಸುಗಳಲ್ಲಿ ಮಾಮೂಲು, ಅಪರ್ಚರನ್ನು ಎಫ್ 2.8ಕ್ಕೆ ಕಿರಿದು ಮಾಡಿದರೆ ಬಹುಪಾಲು ಹೋಗುತ್ತದೆ.

ಡಿಎಸ್‌ಎಲ್‌ಆರ್ ಆದರೆ ಇನ್ನೊಂದು ತೊಂದರೆ ಇದೆ. ಕಣ್ಣಿಗೆ ಫೋಕಸ್ ಮಾಡಿದರೆ ಕಿವಿಗೆ ಹೋಗಿ ಕೂರುತ್ತದೆ. ವ್ಯೂಫೈಂಡರಿನಲ್ಲಿ ಒಂದು, ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿ) ಒಂದು ತೆಗೆದು ಹೋಲಿಸಿ. ಎರಡನೆಯದು ಮಾತ್ರ ಚೂಪಾಗಿದ್ದರೆ ತೊಂದರೆ ಲೆನ್ಸ್ ಮತ್ತು ಬಾಡಿಯ ಹೊಂದಾಣಿಕೆಯದ್ದು. ಮಿರರ್‌ಲೆಸ್‌ನಲ್ಲಿ ಫೋಕಸ್ ಸೆನ್ಸರಿನ ಮೇಲೇ ಆಗುವುದರಿಂದ ಈ ರಗಳೆ ಇಲ್ಲ.

ಬಿಲ್ ಇಲ್ಲದೆ ಎರಡು ಮೂರು ಸಾವಿರ ಕಡಿಮೆಗೆ ಕೊಡುತ್ತೇನೆ ಅನ್ನುವವರು ಸಿಗುತ್ತಾರೆ. ಬೇಡ. ವಾರಂಟಿ ಕೇಳಲು ಹೋದಾಗ ಮೊದಲು ಕೇಳುವುದೇ ಬಿಲ್ಲು.

ಸೆಕೆಂಡ್ ಹ್ಯಾಂಡ್ ಮತ್ತು ಬೂಸ್ಟು

ಪ್ರೈಮ್ ಲೆನ್ಸ್ ಹಳೆಯದನ್ನು ಕೊಳ್ಳಲು ನನ್ನ ಪೂರ್ತಿ ಬೆಂಬಲ ಇದೆ, ಜೂಮಿಗೆ ಹೋಲಿಸಿದರೆ ಒಳಗೆ ಕೆಡುವ ಭಾಗಗಳು ಕಡಿಮೆ. ಆದರೆ ಮಲೆನಾಡು, ಕರಾವಳಿಯಲ್ಲಿ ಬಳಸಿದ ಲೆನ್ಸಾದರೆ ಟಾರ್ಚ್ ಇಲ್ಲದೆ ದುಡ್ಡು ಕೊಡಬೇಡಿ. ಎರಡೂ ಕಡೆಯ ಮುಚ್ಚಳ ತೆಗೆದು, ಹಿಂದಿನಿಂದ ಬೆಳಕು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ನಾಲ್ಕು ಧೂಳಿನ ಕಣ ಕಂಡರೆ ಚಿಂತೆಯಿಲ್ಲ, ಫೋಟೊದಲ್ಲಿ ಬರುವುದಿಲ್ಲ. ಜೇಡರ ಬಲೆಯ ಎಳೆಗಳ ಹಾಗೆ ಬಿಳಿ ನೂಲು ಹರಡಿದ್ದರೆ ಅದು ಬೂಸ್ಟು, ವಾಪಸ್ ಕೊಟ್ಟು ಬನ್ನಿ. ಬಿಚ್ಚಿ ಒರೆಸಿದರೂ ಅದು ಗಾಜಿನ ಲೇಪವನ್ನು ತಿಂದಿರಬಹುದು, ಅಂಟಿಸಿದ ಎರಡು ಗಾಜುಗಳ ನಡುವೆ ಬೆಳೆದಿದ್ದರಂತೂ ಒರೆಸಲು ದಾರಿಯೇ ಇಲ್ಲ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಹೊಳೆಯುತ್ತಿದೆಯಾ, ಫೋಕಸ್ ರಿಂಗ್ ಎಲ್ಲಾದರೂ ಸಿಕ್ಕಿಕೊಳ್ಳುತ್ತದಾ, ಫಿಲ್ಟರ್ ಹಾಕುವ ಅಂಚು ಬಿದ್ದು ನಜ್ಜಾಗಿದೆಯಾ, ಇಷ್ಟನ್ನೂ ನೋಡಿ.

ಮನೆಗೆ ತಂದಮೇಲೆ ಚರ್ಮದ ಚೀಲದಲ್ಲಿ, ಬಟ್ಟೆಯ ನಡುವೆ ಇಡಬೇಡಿ, ಎರಡೂ ತೇವ ಹಿಡಿದಿಟ್ಟುಕೊಳ್ಳುತ್ತವೆ. ಡ್ರೈ ಕ್ಯಾಬಿನೆಟ್ ಇದ್ದರೆ ಆರ್ದ್ರತೆ ಶೇಕಡಾ 40-50ರಲ್ಲಿಡಿ. ಇಲ್ಲದಿದ್ದರೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್ಲಿನ ಚೀಟಿ, ಜೊತೆಗೆ ಆರ್ದ್ರತೆ ತೋರಿಸುವ ಸಣ್ಣ ಮೀಟರು. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ಬದಲಾಯಿಸಿ, ಜೂನ್‌ನಿಂದ ಸೆಪ್ಟೆಂಬರ್ ತನಕ ವಾರಕ್ಕೊಮ್ಮೆಯಾದರೂ ಲೆನ್ಸನ್ನು ಹೊರಗೆ ತೆಗೆದು ಬಳಸಿ.