ಎಟಿಪಿ ತಯಾರಿಸುವ ಕಿಣ್ವದ ಮಾದರಿ: ಸ್ಪಂಜು, ಪೆನ್ಸಿಲ್, ಕಾಫಿ ಬೀಜದಿಂದ ಮಾಡಿ ನೋಡಿ

ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತುವವರ ಕಾಲಿನ ಸ್ನಾಯುಗಳಲ್ಲಿ ಖರ್ಚಾಗುವ ಎಟಿಪಿಯ (ಕೋಶಕ್ಕೆ ಶಕ್ತಿ ಒದಗಿಸುವ ಅಣು) ಬಹುಪಾಲನ್ನು ತಯಾರಿಸುವುದು ಮೈಟೊಕಾಂಡ್ರಿಯದ (ಕೋಶದೊಳಗಿನ ಶಕ್ತಿ ತಯಾರಿಕಾ ಘಟಕ) ಒಳಪೊರೆಯಲ್ಲಿರುವ ಎಟಿಪಿ ಸಿಂಥೇಸ್ ಎಂಬ ಕಿಣ್ವ. ತೋಟದ ಕಾಫಿ ಗಿಡದ ಬೇರಿನಲ್ಲೂ ಈ ಕಿಣ್ವವಿದೆ. ಪ್ರಥಮ ಪಿಯುಸಿ ಜೀವಶಾಸ್ತ್ರದ ಉಸಿರಾಟದ ಪಾಠದಲ್ಲಿ ಇದರ ಪರಿಚಯವಿದ್ದರೂ, ಆಕಾರ ಬದಲಿಸುತ್ತಲೇ ಕೆಲಸ ಮಾಡುವ ಕಿಣ್ವವನ್ನು ಪುಟದ ಮೇಲಿನ ಚಿತ್ರದಿಂದ ಅರಿಯುವುದು ಕಷ್ಟ. ಚಿಕ್ಕಮಗಳೂರಿನ ವಿದ್ಯಾರ್ಥಿಗಳು ಮನೆಯಲ್ಲೇ ಸಿಗುವ ವಸ್ತುಗಳಿಂದ ಅದರ ಮಾದರಿಯನ್ನು ಮಾಡಿಕೊಳ್ಳಬಹುದು.

ಮೊದಲು ಹಿನ್ನೆಲೆ. ಆಹಾರದಿಂದ ಬಂದ ಎಲೆಕ್ಟ್ರಾನ್‌ಗಳು ಒಳಪೊರೆಯ ಪ್ರೋಟೀನ್ ಸಂಕೀರ್ಣಗಳನ್ನು ಹಾದು ಆಮ್ಲಜನಕವನ್ನು ಸೇರುವಾಗ, ಆ ಸಂಕೀರ್ಣಗಳು ಹೈಡ್ರೋಜನ್ ಅಯಾನುಗಳಾದ ಪ್ರೋಟಾನ್‌ಗಳನ್ನು ಪೊರೆಯ ಆಚೆಗೆ ತಳ್ಳುತ್ತವೆ. ಅಲ್ಲಿ ಸೇರಿದ ಪ್ರೋಟಾನ್‌ಗಳು ಮರಳಿ ಒಳಬರುವಾಗಿನ ಶಕ್ತಿಯಿಂದಲೇ ಎಟಿಪಿ ತಯಾರಾಗುತ್ತದೆ ಎಂದು ಬ್ರಿಟಿಷ್ ವಿಜ್ಞಾನಿ ಪೀಟರ್ ಮಿಚೆಲ್ 1961ರಲ್ಲಿ ಪ್ರತಿಪಾದಿಸಿದರು. 1978ರಲ್ಲಿ ಅವರಿಗೆ ನೊಬೆಲ್ ಬಂತು.

ಈಗ ಮಾದರಿ. ದಪ್ಪ ರಟ್ಟಿನ ನಡುವೆ ರಂಧ್ರ ಕೊರೆದು ಪೆನ್ಸಿಲ್ ನಿಲ್ಲಿಸಿ. ರಟ್ಟು ಪೊರೆ, ಪೆನ್ಸಿಲ್ ಕಿಣ್ವದ ಗ್ಯಾಮಾ ಅಕ್ಷ. ರಟ್ಟಿನ ಕೆಳಗೆ, ಪೆನ್ಸಿಲ್ಲಿನ ತುದಿಗೆ ಬಾಟಲಿಯ ಮುಚ್ಚಳವನ್ನು ಅಂಟಿಸಿ ಅಂಚಿನಲ್ಲಿ ಎಂಟು ಗುರುತು ಹಾಕಿ, ಏಕೆಂದರೆ ಮುಚ್ಚಳವು ಸೂಚಿಸುವುದು ಪೊರೆಯಲ್ಲಿರುವ ಕಿಣ್ವದ ಉಂಗುರವನ್ನು, ಸಸ್ತನಿಗಳಲ್ಲಿ ಅದಕ್ಕೆ ಎಂಟು ಉಪಘಟಕಗಳಿವೆ. ಪ್ರತಿಯೊಂದೂ ಒಂದು ಪ್ರೋಟಾನನ್ನು ಹೊತ್ತು ಸಾಗುವುದರಿಂದ ಉಂಗುರ ತಿರುಗುತ್ತದೆ, ಅದರೊಡನೆ ಅಕ್ಷವೂ ತಿರುಗುತ್ತದೆ.

ರಟ್ಟಿನ ಮೇಲೆ ಪೆನ್ಸಿಲ್ಲಿನ ಸುತ್ತ ಸಮ ಅಂತರದಲ್ಲಿ ಮೂರು ಸ್ಪಂಜಿನ ಪಟ್ಟಿಗಳನ್ನು ನಿಲ್ಲಿಸಿ, ಹೊರಮೈಯಲ್ಲಿ ಒಂದೊಂದು ಅಡ್ಡ ಸೀಳು ಮಾಡಿ, ಕ, ಖ, ಗ ಎಂದು ಬರೆಯಿರಿ. ಇವು ಕಿಣ್ವದ ತಲೆಯಲ್ಲಿರುವ, ಎಟಿಪಿ ತಯಾರಿಸುವ ಬೀಟಾ ಉಪಘಟಕಗಳು. ಪಟ್ಟಿಗಳ ಮೇಲ್ತುದಿ, ಕೆಳತುದಿ ಅಲುಗದಂತೆ ಐಸ್‌ಕ್ರೀಂ ಕಡ್ಡಿಗಳಿಂದ ಬಿಗಿಯಾಗಿ ಹಿಡಿಸಿ. ಈ ಕಡ್ಡಿಯನ್ನು ದಯವಿಟ್ಟು ಬಿಡಬೇಡಿ: ನಿಜವಾದ ಕಿಣ್ವದಲ್ಲೂ ಬದಿಯಲ್ಲೊಂದು ಕಾಂಡವಿದ್ದು, ಅದು ಹಿಡಿದಿರದಿದ್ದರೆ ಅಕ್ಷದೊಂದಿಗೆ ತಲೆಯೂ ತಿರುಗಿ ಎಲ್ಲ ಶ್ರಮವೂ ವ್ಯರ್ಥವಾಗುತ್ತದೆ. ಕೊನೆಗೆ ಪೆನ್ಸಿಲ್ಲಿನ ಒಂದೇ ಬದಿಗೆ ಜೇಡಿಮಣ್ಣಿನ ಉಬ್ಬನ್ನು ಮೆತ್ತಿ ಒಣಗಿಸಿ.

ಉಬ್ಬು ‘ಕ’ ಪಟ್ಟಿಯನ್ನು ಒತ್ತಿದಾಗ ಸ್ಪಂಜು ಹೊರಕ್ಕೆ ಬಾಗಿ ಸೀಳು ಬಾಯಿ ಬಿಡುತ್ತದೆ. ಇದು ತೆರೆದ ಸ್ಥಿತಿ. ಅಲ್ಲಿ ಎಟಿಪಿಯ ಕಚ್ಚಾವಸ್ತುಗಳನ್ನು ಇಡಿ: ಎಡಿಪಿ ಎಂದು ಒಂದು ಕಾಫಿ ಬೀಜ, ಫಾಸ್ಫೇಟ್ ಎಂದು ಒಂದು ಕಾಳುಮೆಣಸು. ಮೇಲಿನಿಂದ ನೋಡುತ್ತ ಪೆನ್ಸಿಲನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ 120 ಡಿಗ್ರಿ ತಿರುಗಿಸಿದರೆ ಉಬ್ಬು ಮುಂದಿನ ಪಟ್ಟಿಗೆ ಹೋಗಿ ‘ಕ’ ಮುಚ್ಚಿಕೊಳ್ಳುತ್ತದೆ. ಇದು ಸಡಿಲ ಸ್ಥಿತಿ. ಇನ್ನೂ 120 ಡಿಗ್ರಿಗೆ ಬಿಗಿ ಸ್ಥಿತಿ, ಅಲ್ಲಿ ಎಡಿಪಿಯೂ ಫಾಸ್ಫೇಟೂ ಕೂಡಿ ಎಟಿಪಿ ಆಗುತ್ತವೆ. ಸಡಿಲ ಮತ್ತು ಬಿಗಿ ಸ್ಥಿತಿಗಳ ವ್ಯತ್ಯಾಸವನ್ನು ಸ್ಪಂಜು ತೋರಿಸಲಾರದು, ಅದನ್ನು ಬಾಯಲ್ಲೇ ವಿವರಿಸಬೇಕು. ಮೂರನೆಯ 120 ಡಿಗ್ರಿಗೆ ಉಬ್ಬು ಮರಳಿ ಬಂದು ‘ಕ’ವನ್ನು ತೆರೆದಾಗ ಎಟಿಪಿ ಹೊರಬೀಳುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಡೀ ವಿಷಯದ ತಿರುಳು ಇದೇ. ಶಕ್ತಿಯೆಲ್ಲ ಎಡಿಪಿಗೆ ಫಾಸ್ಫೇಟನ್ನು ಜೋಡಿಸಲು ವ್ಯಯವಾಗುತ್ತದೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಬಿಗಿ ಸ್ಥಿತಿಯ ಒಳಗೆ ಆ ಜೋಡಣೆಗೆ ಹೊರಗಿನ ಶಕ್ತಿ ಬೇಕಾಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಗಟ್ಟಿಯಾಗಿ ಹಿಡಿದ ಎಟಿಪಿಯನ್ನು ಬಿಡುವಂತೆ ಕಿಣ್ವದ ಆಕಾರ ಬದಲಿಸುವುದಕ್ಕೇ ಪ್ರೋಟಾನ್‌ಗಳ ಶಕ್ತಿ ಮುಖ್ಯವಾಗಿ ಖರ್ಚಾಗುತ್ತದೆ. ಇದನ್ನು ಮುಂದಿಟ್ಟವರು ಅಮೆರಿಕದ ವಿಜ್ಞಾನಿ ಪಾಲ್ ಬಾಯರ್. ಬ್ರಿಟಿಷ್ ವಿಜ್ಞಾನಿ ಜಾನ್ ವಾಕರ್ ತಂಡವು 1994ರಲ್ಲಿ ದನದ ಹೃದಯದ ಕಿಣ್ವದ ರಚನೆಯನ್ನು ಬಿಡಿಸಿದಾಗ, ಮೂರು ಬೀಟಾಗಳೂ ಮೂರು ಬೇರೆ ಆಕಾರದಲ್ಲಿರುವುದು ಕಂಡಿತು. 1997ರ ರಸಾಯನಶಾಸ್ತ್ರ ನೊಬೆಲ್‌ನ ಅರ್ಧ ಭಾಗ ಇವರಿಬ್ಬರಿಗೆ ಸಂದಿತು. ಅದೇ ವರ್ಷ ಜಪಾನಿನ ವಿಜ್ಞಾನಿಗಳು ಅಕ್ಷಕ್ಕೆ ಹೊಳೆಯುವ ಆ್ಯಕ್ಟಿನ್ ಎಳೆಯನ್ನು ಕಟ್ಟಿ, ಅದು ತಿರುಗುವುದನ್ನು ಸೂಕ್ಷ್ಮದರ್ಶಕದಲ್ಲೇ ನೋಡಿದರು.

ಲೆಕ್ಕವನ್ನೂ ಮಾದರಿಯಲ್ಲೇ ಮಾಡಿ: ಒಂದು ಪೂರ್ಣ ಸುತ್ತಿಗೆ ಎಂಟು ಪ್ರೋಟಾನ್, ಮೂರು ಎಟಿಪಿ, ಅಂದರೆ ಒಂದು ಎಟಿಪಿಗೆ ಸುಮಾರು 2.7 ಪ್ರೋಟಾನ್.

ನಂತರ ಪೆನ್ಸಿಲನ್ನು ಹಿಂದಕ್ಕೆ ತಿರುಗಿಸಿ. ಆಗ ಕಿಣ್ವವು ಎಟಿಪಿಯನ್ನು ಒಡೆದು ಪ್ರೋಟಾನನ್ನು ಹೊರಕ್ಕೆ ತಳ್ಳುತ್ತದೆ. ಆಮ್ಲಜನಕ ಸಿಗದ ಕೋಶದಲ್ಲಿ ಹೀಗಾಗುವ ಸಂಭವವಿದ್ದು, ಆಗ ಐಎಫ್1 ಎಂಬ ಸಣ್ಣ ಪ್ರೋಟೀನ್ ಕಿಣ್ವದ ತಲೆಯೊಳಗೆ ಸೇರಿಕೊಂಡು ಅದನ್ನು ತಡೆಯುತ್ತದೆ. ಮಾದರಿಯಲ್ಲಿ ಇದನ್ನು ತೋರಿಸಲು ಪೆನ್ಸಿಲ್ ಮತ್ತು ಸ್ಪಂಜಿನ ನಡುವೆ ಒಂದು ಬೆಂಕಿಕಡ್ಡಿಯನ್ನು ಸಿಕ್ಕಿಸಿದರೆ ಸಾಕು.