ಒರೆಸಿ ಕೆಡಿಸಿದ ಮೀಟರು

ಗಂಗಾವತಿಯ ಅಕ್ಕಿ ಗಿರಣಿಯೊಂದರ ಗೋದಾಮಿನಲ್ಲಿ ನಮ್ಮ ಸೋದರಮಾವನ ಬುಲೆಟ್ ವರ್ಷಗಟ್ಟಲೆ ನಿಂತಿತ್ತು. ಕೊಪ್ಪಳಕ್ಕೆ ತಂದು ನೋಡಿದರೆ ಹೆಡ್‌ಲೈಟ್ ಡೂಮ್ ತುಂಬ ತೌಡಿನ ಧೂಳು. ಇಂಜಿನ್ ಕೆಲಸ ಮೆಕ್ಯಾನಿಕ್‌ಗೆ ಬಿಟ್ಟೆ. ಡೂಮು, ಮೀಟರು ಎರಡನ್ನೂ ನಾನೇ ಇಟ್ಟುಕೊಂಡೆ.

ಮೊದಲು ಇವು ಅಸಲಿಯೋ ಅಲ್ವೋ ನೋಡಬೇಕಿತ್ತು. ಗ್ಲಾಸಿನ ಮೇಲೆ ದೀಪದ ಕಂಪನಿಯ ಹೆಸರು, ಲೂಕಸ್ ಎಂದು, ಅಚ್ಚಿನಲ್ಲೇ ಮೂಡಿತ್ತು, ಉಗುರಿಗೆ ಸಿಗುತ್ತಿತ್ತು. ಆದರೆ ಗ್ಲಾಸ್ ಒಂದನ್ನೇ ನಂಬಬಾರದು, ಅದು ಒಡೆದು ಎಷ್ಟು ಸಲ ಬದಲಾಗಿರುತ್ತದೋ. ಲೂಕಸ್‌ನವರು ತಮ್ಮ ಎಷ್ಟೋ ಸಾಮಾನಿನ ಮೇಲೆ ತಿಂಗಳು, ವರ್ಷ ಒತ್ತುತ್ತಿದ್ದರು. ಬಣ್ಣ ಕೆರೆಯುವ ಮೊದಲು ಟಾರ್ಚನ್ನು ಓರೆಯಾಗಿ ಹಿಡಿದು ಆ ಅಂಕಿ ಹುಡುಕಿ. ಕೆರೆದ ಮೇಲೆ ಹುಡುಕಿ ಪ್ರಯೋಜನ ಇಲ್ಲ. ವೇಗದ ಮೀಟರು ಸ್ಮಿತ್ಸ್ ಕಂಪನಿಯದು, ಮೈಲಿ ಲೆಕ್ಕದ್ದು. ನಮ್ಮಲ್ಲಿ ಮೆಟ್ರಿಕ್ ಅಳತೆಯ ಕಾಯ್ದೆ ಬಂದದ್ದು 1956ರಲ್ಲಿ, ಕಿಲೋಮೀಟರು ರೂಢಿಗೆ ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. ಹಾಗಾಗಿ ಮೈಲಿ ಮೀಟರು ಒಳ್ಳೆ ಸುಳಿವು. ಪುರಾವೆ ಅಲ್ಲ.

ಇನ್ನು ನಾನು ಮಾಡಿದ ಅನಾಹುತ. ಬಲ್ಬಿನ ಹಿಂದೆ ಬೆಳಕು ಮುಂದಕ್ಕೆ ಕಳಿಸುವ ರಿಫ್ಲೆಕ್ಟರ್ ಮಬ್ಬಾಗಿದೆ ಅಂತ ವೇಸ್ಟ್ ಬಟ್ಟೆಯಿಂದ ಗಸಗಸ ಒರೆಸಿದೆ. ಬೆಳ್ಳಿ ಲೇಪ ಬಟ್ಟೆಗೆ ಬಂತು, ಕೆಳಗಿನ ಹಿತ್ತಾಳೆ ಕಂಡಿತು. ಯಾರೋ ಕ್ರೋಮ್ ಹಾಕಿಸು ಅಂದರು, ಹಾಕಿಸಿದೆ. ಹಗಲಲ್ಲಿ ಕನ್ನಡಿ ಹಾಗೆ ಹೊಳೆಯಿತು, ರಾತ್ರಿ ಮಾತ್ರ ಮಿಣಿಮಿಣಿ ದೀಪ. ಬೆಳ್ಳಿ ಬೆಳಕಿನ ನೂರಕ್ಕೆ 90ಕ್ಕಿಂತ ಜಾಸ್ತಿ ಪಾಲನ್ನು ವಾಪಸ್ ಕಳಿಸುತ್ತದೆ. ಕ್ರೋಮ್ 60-65ರ ಹತ್ತಿರಕ್ಕೇ ನಿಲ್ಲುತ್ತದೆ. ಮೊದಲೇ 6 ವೋಲ್ಟಿನ ಬಲ್ಬು, ಅದರಲ್ಲೂ ಮೂರನೇ ಒಂದು ಪಾಲು ಹೋದರೆ ಏನು ಉಳಿಯಿತು ಹೇಳಿ? ಕೊನೆಗೆ ಹೊಸಪೇಟೆಯಲ್ಲಿ ಪೂಜೆ ಸಾಮಾನಿಗೆ ಬೆಳ್ಳಿ ನೀರು ಹಾಕುವ ಅಂಗಡಿಯಲ್ಲಿ ಕ್ರೋಮ್ ತೆಗೆಸಿ ಬೆಳ್ಳಿ ಹಾಕಿಸಿದೆ. ಈಗ ಅದನ್ನು ಬೆರಳಲ್ಲೂ ಮುಟ್ಟುವುದಿಲ್ಲ. ಗ್ಲಾಸಿನ ಸುತ್ತ ಹೊಸ ವಾಷರ್ ಕೂರಿಸಿದ್ದೇನೆ. ಗಾಳಿ ಹೊಕ್ಕರೆ ಬೆಳ್ಳಿ ಮತ್ತೆ ಕಪ್ಪಾಗುತ್ತದೆ.

ಇಷ್ಟಾದರೂ ಬುದ್ಧಿ ಬರಲಿಲ್ಲ. ಮೀಟರಿನ ಮಡಚಿದ ಅಂಚನ್ನು ಮೊಂಡು ಸ್ಕ್ರೂಡ್ರೈವರ್‌ನಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ಎತ್ತಿ ಬಿಚ್ಚಿದೆ. ಅಲ್ಲಿವರೆಗೆ ಚೆನ್ನಾಗಿತ್ತು. ಆಮೇಲೆ ಡಯಲ್ ಮೇಲಿನ ಜಿಡ್ಡಿಗೆ ಪೆಟ್ರೋಲ್ ಹಚ್ಚಿ ಒಂದೇ ಒಂದು ಸಲ ಒರೆಸಿದೆ. 30ರ ಅಂಕಿಯೇ ಮಾಯ!

ಆ ಡಯಲ್ ಹಿಡಿದು ಕಿನ್ನಾಳಕ್ಕೆ ಹೋದೆ. ಗೊಂಬೆ ಮಾಡುವ ಚಿತ್ರಗಾರರೊಬ್ಬರು ಬೆಳಕಿಗೆ ಹಿಡಿದು ನೋಡಿದರು.

"ಅಣ್ಣಾರ, ಇಷ್ಟು ಸಣ್ಣದು ಆಗತೈತೇನ್ರಿ?" ಅಂದೆ.

"ಗೊಂಬಿ ಕಣ್ಣು ಬರಿಯೋ ಕೈಗೆ ಇದೇನ್ ಸಣ್ಣದ್ರಿ? ಖರೇ ಹೇಳ್ರಿ, ಇದನ್ನ ಯಾಕ ತಿಕ್ಕಿದ್ರಿ?"

ಉತ್ತರ ಇರಲಿಲ್ಲ. ಪಕ್ಕದ 20, 40 ನೋಡಿಕೊಂಡು ಸಣ್ಣ ಕುಂಚದಲ್ಲಿ ಬಿಳಿ ಎನಾಮಲ್‌ನಿಂದ ಬರೆದು ಕೊಟ್ಟರು. (ಕತ್ತಲಲ್ಲಿ ಹೊಳೆಯುವ ಅಂಕಿಯ ತೀರಾ ಹಳೆ ಮೀಟರ್ ಸಿಕ್ಕರೆ ಇದ್ಯಾವುದನ್ನೂ ಮಾಡಬೇಡಿ. ಅದರಲ್ಲಿ ರೇಡಿಯಂ ಇರಬಹುದು. ಹೊಳಪು ಸತ್ತರೂ ವಿಕಿರಣ ಸಾಯುವುದಿಲ್ಲ. ಕೆರೆಯಬೇಡಿ, ಊದಬೇಡಿ, ಬಿಚ್ಚಲೇಬೇಡಿ.)

ಮುಳ್ಳಿನ ವಿಷಯದಲ್ಲಿ ಮಾತ್ರ ಎಚ್ಚರವಾಗಿದ್ದೆ. ಸೊನ್ನೆಯ ಹತ್ತಿರ ಒಂದು ಪಿನ್ನು ಮುಳ್ಳನ್ನು ತಡೆದಿರುತ್ತದೆ. ಮುಳ್ಳನ್ನು ಮೆಲ್ಲಗೆ ಎತ್ತಿ ಪಿನ್ ದಾಟಿಸಿದರೆ ಅದು ಇನ್ನೂ ಹಿಂದಕ್ಕೆ ಹೋಗಿ ತಾನಾಗೇ ನಿಲ್ಲುತ್ತದೆ. ಆ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿಯೇ ಮುಳ್ಳು ಕಿತ್ತೆ, ಕೂರಿಸಿದ್ದೂ ಅಲ್ಲೇ. ಸುಮ್ನೆ ಸೊನ್ನೆಗೆ ಕೂರಿಸಿದ್ದರೆ ಮೀಟರು ಪೂರ್ತಿ ಸುಳ್ಳು ಹೇಳುತ್ತಿತ್ತು.

ಒಳಗಿನ ಜಿಡ್ಡು ಬಂದದ್ದು ಚಕ್ರದ ಸುತ್ತನ್ನು ಮೀಟರಿಗೆ ಮುಟ್ಟಿಸುವ ಕೇಬಲ್‌ನಿಂದ. ಈ ಮೀಟರಿನಲ್ಲಿ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದನ್ನು ಮುಟ್ಟದೆ ಮೇಲೆ ಕೂತ ಅಲ್ಯೂಮಿನಿಯಂ ಬಟ್ಟಲು ಅದರ ಎಳೆತಕ್ಕೆ ಸ್ವಲ್ಪ ತಿರುಗುತ್ತದೆ, ಕೂದಲಿನಂಥ ಸ್ಪ್ರಿಂಗು ಹಿಂದಕ್ಕೆ ಎಳೆಯುತ್ತದೆ. ನಡುವೆ ಗ್ರೀಸ್ ಸೇರಿದರೆ ಬಟ್ಟಲು ಅಂಟಿಕೊಂಡು ಮುಳ್ಳು ಮೇಲಕ್ಕೆ ಹಾರುತ್ತದೆ. ಆದ್ದರಿಂದ ಕೇಬಲ್‌ನ ಮೇಲ್ತುದಿಯ ಒಂದು ಗೇಣಿಗೆ ಗ್ರೀಸ್ ಹಚ್ಚುವುದೇ ಇಲ್ಲ.

ಪರೀಕ್ಷೆಗೆ ಡ್ರಿಲ್ ಮಷಿನ್ ಬಳಸಿದೆ. ಡಯಲ್ ಮೇಲೆ ಸಣ್ಣದಾಗಿ 1600 ಎಂದಿತ್ತು, ಮೈಲಿಗೆ ಅಷ್ಟು ಸುತ್ತು ಎಂದರ್ಥ. ನಿಮಿಷಕ್ಕೆ 800 ಸುತ್ತು ಕೊಟ್ಟರೆ ಅರ್ಧ ಮೈಲಿ, ಅಂದರೆ ಗಂಟೆಗೆ 30. ಯಾವ ಕಡೆ ತಿರುಗಿಸಬೇಕು ಎಂದು ಮೊದಲು ಕೈಯಲ್ಲೇ ನೋಡಿಕೊಂಡೆ. ಮುಳ್ಳು ಹೋಗಿ ಕಿನ್ನಾಳದ 30ರ ಪಕ್ಕ ನಿಂತಿತು.

ಗಂಗಾವತಿ ರಸ್ತೆಯಲ್ಲಿ ಮಾವನನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಫೋನಿನಲ್ಲಿ 40 ಕಿಲೋಮೀಟರ್, ಮುಳ್ಳು 25 ಮೈಲಿ. ಲೆಕ್ಕ ಸರಿ. ಮಾವ ಹೆಗಲ ಮೇಲಿಂದ ಬಗ್ಗಿ ನೋಡಿ, "ಗ್ಲಾಸಿಗೆ ಧೂಳ ಕುಂತೈತಲೋ, ಒರಸು" ಅಂದರು. ಗಾಡಿ ನಿಲ್ಲಿಸಲಿಲ್ಲ.