ಒಂಬತ್ತು ದಿನ ಕಕ್ಕ ಮಾಡದ ನನ್ನ ಮಗಳು – ನನ್ನ ಅನುಭವ

ಪಾಪುಗೆ ಆಗ ಒಂದೂವರೆ ತಿಂಗಳು, ನಾನು ತಿಪಟೂರು ಹತ್ರ ನಮ್ಮಮ್ಮನ ಮನೇಲಿ ಬಾಣಂತನದಲ್ಲಿದ್ದೆ. ಬರೀ ಎದೆಹಾಲು, ಬೇರೆ ಏನೂ ಕೊಡ್ತಿರಲಿಲ್ಲ. ಅಲ್ಲಿವರೆಗೂ ದಿನಕ್ಕೆ ಐದಾರು ಸಲ ಕಕ್ಕ ಮಾಡ್ತಿದ್ಲು, ಅರಿಶಿನ ಬಣ್ಣ, ಮಧ್ಯೆ ಮಧ್ಯೆ ಸಾಸಿವೆ ಕಾಳಿನ ತರ ಚೂರುಗಳು, ಹಾಲು ಕುಡೀತಾ ಕುಡೀತಾನೇ ಮಾಡಿಬಿಡೋಳು, ಲಂಗೋಟಿ ಒಗೆದೂ ಒಗೆದೂ ಅಮ್ಮನ ಕೈ ಬಿದ್ದೋಗಿತ್ತು. ಗುರುವಾರ ಆಸ್ಪತ್ರೆಗೆ ಹೋಗಿ ಒಂದೂವರೆ ತಿಂಗಳ ಇಂಜೆಕ್ಷನ್ ಹಾಕಿಸ್ಕೊಂಡು ಬಂದ್ವಿ, ಅವತ್ತು ಬೆಳಿಗ್ಗೆ ಮಾಡಿದ್ದೇ ಕೊನೆ. ಶುಕ್ರವಾರ ಇಲ್ಲ, ಶನಿವಾರ ಇಲ್ಲ, ಭಾನುವಾರನೂ ಇಲ್ಲ. ಸೋಮವಾರದ ಹೊತ್ತಿಗೆ ಮನೇಲಿ ಯಾರಿಗೂ ಊಟ ಸೇರ್ತಿರಲಿಲ್ಲ.

ಒಬ್ಬೊಬ್ರದ್ದು ಒಂದೊಂದು ಕಾರಣ. ಅಜ್ಜಿ ಇಂಜೆಕ್ಷನ್ ಉಷ್ಣ ಅಂದ್ರು. ಅಮ್ಮ ನಾನು ಅಲಸಂದೆ ಕಾಳಿನ ಸಾರು ತಿಂದಿದ್ದಕ್ಕೆ ವಾಯು ಆಗಿದೆ ಅಂದ್ರು. ಪಕ್ಕದ ಮನೆಯವ್ರು ಬಂದು ಹಾಲು ಗಟ್ಟಿ ಇರ್ಬೇಕು, ಒಂದೆರಡು ಚಮಚ ಬಿಸಿನೀರು ಕುಡಿಸಿ ಅಂದ್ರು. ನನಗೂ ಒಳಗೊಳಗೇ ಇಂಜೆಕ್ಷನ್ನಿಂದನೇ ಅಂತ ಅನ್ಸಿತ್ತು, ಸುಳ್ಳು ಹೇಳಲ್ಲ. ಎರಡು ತರ ಡ್ರಾಪ್ಸ್ ಬೇರೆ ಹಾಕಿದ್ರಲ್ಲ ಬಾಯಿಗೆ.

ದಿನಕ್ಕಿಂತ ಹೆಚ್ಚಾಗಿ ನನ್ನ ಹೆದರಿಸಿದ್ದು ಅವಳು ತಿಣುಕೋದು. ಸಾಯಂಕಾಲ ಆರರ ಹೊತ್ತಿಗೆ ಶುರು, ಎರಡೂ ಮೊಣಕಾಲು ಹೊಟ್ಟೆಗೆ ಎಳ್ಕೊಳೋದು, ಮುಷ್ಟಿ ಬಿಗಿ ಹಿಡಿಯೋದು, ಮುಖ ಟೊಮೆಟೊ ಹಣ್ಣಿನಂಗೆ ಕೆಂಪಾಗೋದು, ಹುಬ್ಬಿನ ಮೇಲೂ ಕೆಂಪು, ಆಮೇಲೆ ಕಿಟಾರಂತ ಕಿರುಚೋದು. ಹತ್ತು ನಿಮಿಷ, ಕೆಲವು ಸಲ ಕಾಲು ಗಂಟೆ. ಕೊನೆಗೆ ಒಂದು ಜೋರು ಹೂಸು ಬಿಟ್ಟು ಏನೂ ಆಗೇ ಇಲ್ಲ ಅನ್ನೋ ತರ ಹಾಲಿಗೆ ಬಾಯಿ ಹಾಕೋಳು. ಕೂಸು ಅಷ್ಟು ಕಷ್ಟ ಪಡೋದನ್ನ ನೋಡ್ಕೊಂಡು ಸುಮ್ನೆ ಕೂರೋದು ಯಾವ ತಾಯಿಗಾದ್ರೂ ಆಗುತ್ತಾ?

ಮಂಗಳವಾರ ನಾನು ಸ್ನಾನಕ್ಕೆ ಹೋಗಿದ್ದಾಗ ಅಜ್ಜಿ ವೀಳ್ಯದೆಲೆ ತೊಟ್ಟನ್ನ ಹರಳೆಣ್ಣೇಲಿ ಅದ್ದಿ ಪಾಪುಗೆ ಹಿಂದೆ ಇಟ್ಟುಬಿಟ್ಟಿದ್ರು. ನಮ್ ಕಡೆ ಇದು ಹೊಸದಲ್ಲ, ನನಗೂ ನಮ್ಮಮ್ಮನಿಗೂ ಎಲ್ಲಾರ್ಗೂ ಮಾಡಿದಾರೆ. ನಾನು ಈಚೆ ಬರೋಷ್ಟರಲ್ಲಿ ಕಕ್ಕ ಬಂದಿತ್ತು, ಐದು ದಿನದ್ದೂ ಒಟ್ಟಿಗೆ, ಎಲ್ಲಾರ ಮುಖ ಅರಳಿತ್ತು. ನಾನೇ ಬಟ್ಟೆ ಬಿಚ್ಚಿ ನೋಡ್ದೆ. ಹಳದಿ ಕಕ್ಕದ ಮೇಲೆ ಹೊಲಿಗೆ ದಾರದಷ್ಟು ಸಣ್ಣ ಕೆಂಪು ಗೆರೆ. ರಕ್ತ. ಅಜ್ಜಿಗೆ ತೋರಿಸಿದೆ, ಅವರ ಕೈ ನಡುಗ್ತು ಪಾಪ, ‘ನಾನ್ ಮೆಲ್ಲಗೇ ಇಟ್ಟೆ ಕಣವ್ವ’ ಅಂತ ಅಷ್ಟೇ ಹೇಳಿದ್ದು. ಅವ್ರ ಮೇಲೆ ಸಿಟ್ಟು ಮಾಡ್ಕೊಳಕ್ಕೆ ನನಗೆ ಮನಸ್ಸು ಬರಲಿಲ್ಲ, ಪ್ರೀತಿಯಿಂದ ಮಾಡಿದ್ದು ಅದು. ಆದ್ರೆ ಆ ಕ್ಷಣಾನೇ ಡಾಕ್ಟರ್ ಹತ್ರ ಹೊರಟ್ವಿ.

ಮಕ್ಕಳ ಡಾಕ್ಟರ್ ಮೇಡಂ ಮೊದಲು ಕೇಳಿದ ಪ್ರಶ್ನೆ ‘ಎಷ್ಟು ದಿನ ಆಯ್ತು’ ಅಂತ ಅಲ್ಲ, ‘ಬಂದಾಗ ಗಟ್ಟಿ ಇತ್ತಾ, ಮೆತ್ತಗಿತ್ತಾ?’ ಅಂತ. ಮೆತ್ತಗೆ, ಎಣ್ಣೆ ಹಾಕಿ ಕಲಸಿದ ಹಿಟ್ಟಿಗಿಂತ ಮೆತ್ತಗೆ ಅಂದೆ. ಹಾಗಾದ್ರೆ ಅದು ಮಲಬದ್ಧತೆ ಅಲ್ವೇ ಅಲ್ಲ ಅಂದ್ರು. ಮಲಬದ್ಧತೆ ಅಂದ್ರೆ ಒಣಗಿ ಗಟ್ಟಿಯಾಗಿ ಆಡಿನ ಹಿಕ್ಕೆ ತರ ಬರೋದು, ಎಷ್ಟು ದಿನಕ್ಕೆ ಬಂತು ಅನ್ನೋದು ಅದರ ಲೆಕ್ಕ ಅಲ್ಲ. ಆಮೇಲೆ ಹುಟ್ಟಿದ ದಿನದ್ದು ಕೇಳಿದ್ರು, ಮೊದಲ ಕಪ್ಪು ಅಂಟು ಕಕ್ಕ 24 ಗಂಟೆ ಒಳಗೆ ಮಾಡಿದ್ಲಾ ಅಂತ. ಮಾಡಿದ್ಲು. ಅದು 48 ಗಂಟೆ ದಾಟಿದ್ರೆ ಅವರು ಬೇರೆ ದಾರೀಲಿ ಯೋಚನೆ ಮಾಡ್ತಾರಂತೆ, ಕೆಲವು ಮಕ್ಕಳಿಗೆ ದೊಡ್ಡ ಕರುಳಿನ ಕೊನೆ ಭಾಗದಲ್ಲಿ ನರಗಳೇ ಬೆಳೆದಿರಲ್ಲ, ಹರ್ಷ್‌ಸ್ಪ್ರಂಗ್ ಅಂತ ಆ ಕಾಯಿಲೆ ಹೆಸರು, ಅದಕ್ಕೆ ಆಪರೇಷನ್ನೇ ಬೇಕು. ಹೊಟ್ಟೆ ಒತ್ತಿ ನೋಡಿದ್ರು, ಮೆತ್ತಗಿತ್ತು. ಹಿಂದೆ ನೋಡಿದ್ರು, ತೊಟ್ಟು ತಗುಲಿ ಚೂರು ಗೀರಿದೆ, ತಾನಾಗೇ ಹೋಗುತ್ತೆ ಅಂದ್ರು. ತೂಕ ಹಾಕಿದ್ರು, ಹುಟ್ಟಿದಾಗ 2.9 ಕೆಜಿ ಇದ್ದವಳು 3.8 ಆಗಿದ್ಲು. ತಾಯಿ ಕಾರ್ಡಲ್ಲಿ ಆಶಾ ಕಾರ್ಯಕರ್ತೆ ಬರೆದಿದ್ದ ತೂಕಗಳನ್ನೂ ಒಂದೊಂದಾಗಿ ನೋಡಿದ್ರು, 3, 7, 14, 21, 28, 42ನೇ ದಿನ ಅವರು ಮನೆಗೆ ಬರ್ತಾರಲ್ಲ, ಆ ಬರಹ ಇಷ್ಟು ಕೆಲಸಕ್ಕೆ ಬರುತ್ತೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಆಮೇಲೆ ಅವರು ಹೇಳಿದ್ದನ್ನ ನನಗೆ ಅರ್ಥ ಆದಂಗೆ ಹೇಳ್ತೀನಿ. ಮೊದಲ ದಿನಗಳ ಹಾಲಲ್ಲಿ, ಗಿಣ್ಣು ಹಾಲು ಅಂತೀವಲ್ಲ, ಅದರಲ್ಲಿ ಹೊಟ್ಟೆ ಸಡಿಲ ಮಾಡೋ ಗುಣ ಇರುತ್ತೆ. ಬರಬರ್ತಾ ಹಾಲು ಬದಲಾಗುತ್ತೆ, ಮಗುವಿನ ಕರುಳೂ ಬಲಿಯುತ್ತೆ, ನಾಲ್ಕರಿಂದ ಆರು ವಾರದ ಹೊತ್ತಿಗೆ ಎದೆಹಾಲು ಎಷ್ಟು ಪೂರ್ತಿಯಾಗಿ ಮೈಗೆ ಹತ್ತುತ್ತೆ ಅಂದ್ರೆ ಹೊರಗೆ ಹಾಕಕ್ಕೆ ಹೆಚ್ಚೇನೂ ಉಳಿಯೋದೇ ಇಲ್ಲ. ಹಾಗಾಗಿ ಈ ವಯಸ್ಸಲ್ಲಿ ಬರೀ ಎದೆಹಾಲು ಕುಡಿಯೋ ಮಗು ಮೂರು ದಿನಕ್ಕೊಂದ್ಸಲ, ವಾರಕ್ಕೊಂದ್ಸಲ, ಕೆಲವು ಮಕ್ಕಳು ಹತ್ತು ದಿನಕ್ಕೊಂದ್ಸಲ ಮಾಡಿದ್ರೂ ಸರೀನೇ. ಒಂದೂವರೆ ತಿಂಗಳ ಇಂಜೆಕ್ಷನ್ನೂ ಇದೇ ಸಮಯಕ್ಕೆ ಬರೋದ್ರಿಂದ ಅದರ ಮೇಲೆ ತಪ್ಪು ಹೋಗುತ್ತೆ ಅಷ್ಟೇ.

ತಿಣುಕೋದಕ್ಕೆ ಡಿಸ್ಕೀಜಿಯಾ ಅಂತ ಒಂದು ಹೆಸರು ಹೇಳಿದ್ರು. ನಾವು ಕಕ್ಕ ಮಾಡುವಾಗ ಹೊಟ್ಟೆಯಿಂದ ತಿಣುಕ್ತೀವಿ, ಅದೇ ಹೊತ್ತಿಗೆ ಕೆಳಗೆ ಸಡಿಲ ಬಿಡ್ತೀವಿ, ಎರಡೂ ಒಟ್ಟಿಗೆ ಆಗ್ಬೇಕು. ಮಗುಗೆ ಅದು ಇನ್ನೂ ಗೊತ್ತಿರಲ್ಲ, ಮೇಲಿಂದ ತಿಣುಕುತ್ತೆ, ಕೆಳಗೆ ಬಿಗಿ ಹಿಡಿಯುತ್ತೆ. ‘ಪೇಸ್ಟ್ ಟ್ಯೂಬಿನ ಮುಚ್ಚಳ ತೆಗೀದೇ ಒತ್ತಿದ ಹಾಗೆ’ ಅಂದ್ರು. ಅಳೋದು ನೋವಿಗಿಂತ ಹೆಚ್ಚಾಗಿ ಹೊಟ್ಟೆಯ ಒತ್ತಡ ಹೆಚ್ಚಿಸ್ಕೊಳಕ್ಕಂತೆ. ಕೆಲವು ವಾರದಲ್ಲಿ ತಾನೇ ಕಲಿಯುತ್ತೆ. ತೊಟ್ಟು, ಸೋಪಿನ ಚೂರು, ಥರ್ಮಾಮೀಟರ್ ತುದಿ ಅಂತ ಪದೇ ಪದೇ ಇಟ್ರೆ ಕಲಿಯಕ್ಕೆ ಅವಕಾಶನೇ ಸಿಗಲ್ಲ, ಏನಾದ್ರೂ ಇಟ್ರೇನೇ ಮಾಡೋದು ಅಂತ ಅಭ್ಯಾಸ ಆಗುತ್ತೆ. ಈ ಮಾತು ನನಗೆ ಚೆನ್ನಾಗಿ ನಾಟ್ತು. ಅಜ್ಜೀನೂ ಪಕ್ಕದಲ್ಲೇ ಕೂತು ಕೇಳಿಸ್ಕೊಂಡ್ರು, ಇಲ್ಲದಿದ್ರೆ ನಾನು ಬಂದು ಹೇಳಿದ್ರೆ ಒಪ್ತಿದ್ರೋ ಇಲ್ವೋ.

ಮನೆಗೆ ಬಂದು ಮಾಡಿದ ಮೊದಲ ಕೆಲಸ ಒಂದು ನೂರು ಪೇಜಿನ ನೋಟ್ ಬುಕ್ ತಗೊಂಡಿದ್ದು. ಕಕ್ಕದ ದಿನ ಎಣಿಸೋದು ಬಿಟ್ಟು ಉಚ್ಚೆ ಎಣಿಸೋಕೆ ಶುರು ಮಾಡ್ದೆ, ಒಂದು ಲಂಗೋಟಿಗೆ ಒಂದು ಗೀಟು. 24 ಗಂಟೇಲಿ ಆರು ಅಥವಾ ಅದಕ್ಕಿಂತ ಹೆಚ್ಚು ಸಲ, ಬಣ್ಣ ತಿಳಿಯಾಗಿ, ಆಗಿದ್ರೆ ಹಾಲು ಸಾಲ್ತಿದೆ ಅಂತ. ರಾತ್ರಿ ಡೈಪರ್ ಹಾಕಿದ್ರೆ ಲೆಕ್ಕ ತಪ್ಪುತ್ತೆ, ಅದಕ್ಕೆ ಎರಡು ವಾರ ರಾತ್ರೀನೂ ಬಟ್ಟೇನೇ ಕಟ್ಟಿದ್ದೆ, ನಿದ್ದೆಗೆಟ್ರೂ ಪರವಾಗಿಲ್ಲ, ಮನಸ್ಸಿಗೆ ಸಮಾಧಾನ ಇತ್ತು. ದಿನಾ ಎಂಟು ಒಂಬತ್ತು ಗೀಟು ಬೀಳ್ತಿತ್ತು. ವಾರಕ್ಕೊಂದ್ಸಲ ಅಂಗನವಾಡೀಲಿ ತೂಕ. ಈ ವಯಸ್ಸಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರ್ಬೇಕು.

ಹೊಟ್ಟೆ ಉಬ್ಬರಕ್ಕೆ ಔಷಧಿ ಏನೂ ಕೊಡಲಿಲ್ಲ, ಕೈಯಲ್ಲಿ ಆಗೋದನ್ನಷ್ಟೇ ಮಾಡಿದ್ವಿ. ಪ್ರತೀ ಸಲ ಹಾಲು ಕುಡಿದ ಮೇಲೆ ಹೆಗಲ ಮೇಲೆ ಹಾಕ್ಕೊಂಡು ತೇಗು ಬರ್ಸೋದು, ಬರದಿದ್ರೆ ಹತ್ತು ನಿಮಿಷ ಕಾದು ಬಿಡೋದು. ಎಚ್ಚರ ಇರುವಾಗ ಸ್ವಲ್ಪ ಹೊತ್ತು ನನ್ನ ಎದೆ ಮೇಲೆ ಬೋರಲು ಹಾಕ್ಕೊಳೋದು. ಎಣ್ಣೆ ಹಚ್ಚೋ ಕೆಲಸ ಅಜ್ಜೀದೇ, ಕಾಲು ನೀಡಿ ಕೂತು ಪಾಪುನ ಕಾಲ್ಮೇಲೆ ಹಾಕ್ಕೊಂಡು ನಮ್ಮನೇ ಕೊಬ್ಬರಿ ಎಣ್ಣೆ ಅಂಗೈಲಿ ಉಜ್ಜಿ ಬೆಚ್ಚಗೆ ಮಾಡ್ಕೊಂಡು ಹೊಕ್ಕಳ ಸುತ್ತ ಗಡಿಯಾರದ ಮುಳ್ಳು ತಿರುಗೋ ಕಡೆಗೇ ಮೆಲ್ಲಗೆ ಸವರೋರು, ದೊಡ್ಡ ಕರುಳು ಸಾಗೋ ದಿಕ್ಕೂ ಅದೇ. ಆಮೇಲೆ ಎರಡೂ ಕಾಲು ಹಿಡಿದು ಸೈಕಲ್ ತುಳಿಸಿದಂಗೆ ಆಡ್ಸೋದು, ಮೊಣಕಾಲು ಹೊಟ್ಟೆಗೆ ಒತ್ತಿ ಬಿಡೋದು. ಅವರ ಕೈಗೆ ಇರೋ ಹದ ನನ್ನ ಕೈಗೆ ಇವತ್ತಿಗೂ ಇಲ್ಲ. ತಿಣುಕೋಕೆ ಶುರು ಮಾಡಿದ್ರೆ ಬೆನ್ನು ನನ್ನ ಎದೆಗೆ ಆನಿಸಿ ಎರಡೂ ತೊಡೆ ಕೆಳಗೆ ಕೈ ಕೊಟ್ಟು ಕುಕ್ಕರಗಾಲಲ್ಲಿ ಕೂತಂಗೆ ಹಿಡ್ಕೊಳ್ತಿದ್ದೆ, ಅದರಿಂದ ಗ್ಯಾಸ್ ಚೆನ್ನಾಗಿ ಹೋಗ್ತಿತ್ತು.

ಕೊಡದೇ ಇದ್ದಿದ್ದೂ ಹೇಳ್ಬೇಕು. ಹರಳೆಣ್ಣೆ ಕುಡಿಸಲಿಲ್ಲ, ಗ್ರೈಪ್ ವಾಟರ್ ಕೊಡಲಿಲ್ಲ, ಬಜೆ ತೇದು ನೆಕ್ಕಿಸಲಿಲ್ಲ. ಅಳಲೆಕಾಯಿ, ಮಾಸಿಕಾಯಿ ಎಲ್ಲಾ ಅಮ್ಮ ತರಿಸಿಟ್ಟಿದ್ರು, ಡಬ್ಬೀಲೇ ಉಳೀತು. ಜೇನುತುಪ್ಪ ಅಂತೂ ಒಂದು ವರ್ಷದವರೆಗೂ ಒಂದು ತೊಟ್ಟೂ ಬೇಡ, ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆ ಮಗುವಿನ ಹೊಟ್ಟೇಲಿ ವಿಷ ಮಾಡುತ್ತೆ, ಬೊಟುಲಿಸಂ ಅಂತಾರೆ, ಅದರಲ್ಲಿ ಮೊದಲು ಕಾಣೋ ಲಕ್ಷಣಾನೇ ಮಲಬದ್ಧತೆ. ನೀರೂ ಬೇಡ, ಏಪ್ರಿಲ್ ಬಿಸಿಲಲ್ಲೂ ಬೇಡ, ಎದೆಹಾಲಲ್ಲಿ ನೂರಕ್ಕೆ 87–88 ಪಾಲು ನೀರೇ ಇರುತ್ತೆ.

ನನ್ನ ಪಥ್ಯದ ವಿಷಯಾನೂ ಅವತ್ತೇ ಇತ್ಯರ್ಥ ಆಯ್ತು. ನಾನು ಅಲಸಂದೆ ತಿಂದ್ರೆ ಗ್ಯಾಸ್ ನನ್ನ ಕರುಳಲ್ಲಿ ಆಗುತ್ತೆ, ಅದು ಹಾಲಿಗೆ ಹೋಗಲ್ಲ. ಹೇಳಬೇಕು ಅಂದ್ರೆ ಆ ಮನೇಲಿ ನಿಜವಾಗ್ಲೂ ಮಲಬದ್ಧತೆ ಇದ್ದಿದ್ದು ನನಗೆ. ಬರೀ ಅನ್ನ, ಕಾಳುಮೆಣಸಿನ ಸಾರು, ಬೆಳ್ಳುಳ್ಳಿ, ದಿನಕ್ಕೆ ಎರಡು ಲೋಟ ನೀರು, ಮೇಲೆ ಐರನ್ ಮಾತ್ರೆ, ಹೊಲಿಗೆ ಬೇರೆ ಇತ್ತು, ಟಾಯ್ಲೆಟ್ಟಿಗೆ ಹೋಗಕ್ಕೇ ಭಯ ಆಗ್ತಿತ್ತು, ಒಂದೂವರೆ ತಿಂಗಳು ಯಾರ ಹತ್ರಾನೂ ಹೇಳಿರಲಿಲ್ಲ. ಬಾಣಂತಿಗೆ ಬಾಯಾರಿದಷ್ಟು ನೀರು, ಸೊಪ್ಪು, ಹಣ್ಣು ಕೊಡಿ ಅಂತ ಮೇಡಂ ಅಮ್ಮನಿಗೆ ಖಡಕ್ಕಾಗಿ ಹೇಳಿದ್ರು. ಅವತ್ತಿನ ಸಬ್ಬಸಿಗೆ ಸೊಪ್ಪಿನ ಪಲ್ಯ ನನಗೆ ಇನ್ನೂ ನೆನಪಿದೆ.

ಅದಾದ್ಮೇಲೆ ಪಾಪು ಕಕ್ಕ ಮಾಡೋದು ಮತ್ತೆ ನಿಂತೋಯ್ತು. ಮೂರು ದಿನ, ಐದು ದಿನ, ಏಳು ದಿನ. ಏಳನೇ ದಿನ ನಮ್ಮನೆಯವ್ರು ಫೋನ್ ಮಾಡಿ ಹೊರಟು ಬರ್ಲಾ ಅಂದ್ರು, ನಾನು ಬುಕ್ ನೋಡಿ ಒಂಬತ್ತು ಗೀಟು ಇದೆ, ನಗ್ತಿದಾಳೆ, ಬೇಡ ಅಂದೆ. ಅಂದೆನೇ ಹೊರತು ರಾತ್ರಿ ಎರಡು ಸಲ ಎದ್ದು ಹೊಟ್ಟೆ ಮುಟ್ಟಿ ನೋಡಿದ್ದೆ. ಒಂಬತ್ತನೇ ದಿನ ಬೆಳಿಗ್ಗೆ ಅಜ್ಜಿ ನೀರು ಹಾಕಕ್ಕೆ ಕಾಲ್ಮೇಲೆ ಹಾಕ್ಕೊಂಡು ಬೆನ್ನಿಗೆ ಬಿಸಿನೀರು ಹುಯ್ದಿದ್ದೇ ತಡ, ಒಂದೇ ಸಲಕ್ಕೆ ಅಜ್ಜಿ ಸೀರೆ, ಕಾಲು, ಬಚ್ಚಲ ಕಲ್ಲು ಎಲ್ಲಾ ಹಳದಿ. ಮೆತ್ತಗೆ ಬೆಣ್ಣೆ ತರ, ವಾಸನೆ ಸ್ವಲ್ಪ ಜಾಸ್ತಿ, ಒಂದು ಚೂರೂ ಗಟ್ಟಿ ಇಲ್ಲ, ರಕ್ತ ಇಲ್ಲ. ಪಾಪು ಅಳಲೂ ಇಲ್ಲ. ಅಜ್ಜಿ ಕೂತಲ್ಲಿಂದಲೇ ‘ಬಾರವ್ವಾ ಬಂತು ನೋಡು’ ಅಂತ ಕೂಗಿದ್ದು ಬೀದಿಗೆಲ್ಲಾ ಕೇಳಿಸಿರುತ್ತೆ. ಆಮೇಲೆ ಮೂರೂವರೆ ತಿಂಗಳವರೆಗೂ ಐದು ದಿನ, ಆರು ದಿನ, ಹೀಗೇ ನಡೀತು, ತಿಣುಕೋದು ಅದಕ್ಕೂ ಮೊದಲೇ ನಿಂತಿತ್ತು.

ಆದ್ರೆ ಕಾಯಬಾರದ ಸಂದರ್ಭಗಳೂ ಇವೆ, ಇದನ್ನ ದಯವಿಟ್ಟು ಸರಿಯಾಗಿ ಓದ್ಕೊಳ್ಳಿ. ಹಸಿರು ಬಣ್ಣದ ವಾಂತಿ, ಹೊಟ್ಟೆ ಉಬ್ಬಿ ಬಿಗಿಯಾಗಿರೋದು, ಕಕ್ಕದಲ್ಲಿ ರಕ್ತ ಅಥವಾ ಕೆಂಪು ಜೆಲ್ಲಿ ತರ ಬರೋದು, ಹಾಲು ಬೇಡ ಅನ್ನೋದು, ಎಬ್ಬಿಸಿದ್ರೂ ಏಳದೇ ಮಂಕಾಗಿರೋದು, ಮೂರು ತಿಂಗಳ ಒಳಗಿನ ಮಗುಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರ, ಉಚ್ಚೆ ಕಮ್ಮಿ ಆಗೋದು, ಇದರಲ್ಲಿ ಒಂದು ಕಂಡ್ರೂ ಆ ಹೊತ್ತೇ ಡಾಕ್ಟರ್ ಹತ್ರ ಹೋಗ್ಬೇಕು. ಕಕ್ಕ ಸುಣ್ಣದಂಗೆ ಬೆಳ್ಳಗಿದ್ರೂ ಅಷ್ಟೇ, ಅದು ಪಿತ್ತದ ನಾಳದ ತೊಂದರೆ ಇರಬಹುದು, ಅಲ್ಲಿ ತಡ ಮಾಡಿದ್ರೆ ಲಿವರ್ ಹಾಳಾಗುತ್ತೆ.

ಮೊದಲ ತಿಂಗಳಿನ ಲೆಕ್ಕವೇ ಬೇರೆ. ನನ್ನ ನಾದಿನಿ ಮಗು ಹನ್ನೆರಡು ದಿನದ್ದಿದ್ದಾಗ ಫೋನ್ ಮಾಡಿದ್ಲು, ‘ಅತ್ತಿಗೆ, ಮೂರು ದಿನದಿಂದ ಕಕ್ಕ ಇಲ್ಲ, ನಿಮ್ ಪಾಪು ತರಾನೇ ಇರ್ಬೇಕು ಅಲ್ವಾ’ ಅಂತ. ಉಚ್ಚೆ ಎಷ್ಟು ಅಂದೆ. ಮೂರೋ ನಾಲ್ಕೋ ಅಂದ್ಲು. ಮಗು ಅಳೋದೇ ಇಲ್ಲ, ಬಲು ಸಾಧು, ಯಾವಾಗ್ಲೂ ನಿದ್ದೆ ಅಂದ್ಲು. ನನಗೆ ಎದೆ ಧಸಕ್ ಅಂತು. ಅವತ್ತೇ ಆಸ್ಪತ್ರೆಗೆ ಕಳಿಸಿದೆ, 2.7 ಇದ್ದ ಮಗು 2.4 ಆಗಿತ್ತು. ಬರೀ ಮೊಲೆತೊಟ್ಟಿನ ತುದಿ ಚೀಪ್ತಿತ್ತಂತೆ, ಹಾಲೇ ಹೋಗ್ತಿರಲಿಲ್ಲ. ಅಲ್ಲಿ ನರ್ಸ್ ಮಗು ಬಾಯಿ ಅಗಲ ತೆಗೆಸಿ ಮೊಲೆತೊಟ್ಟಿನ ಸುತ್ತ ಇರೋ ಕಪ್ಪು ಭಾಗ ಆದಷ್ಟೂ ಒಳಗೆ ಹೋಗೋ ಹಾಗೆ ಹಿಡಿಸೋದು ಹೇಳ್ಕೊಟ್ರು, ಎರಡು ಗಂಟೆಗೊಂದ್ಸಲ ಎಬ್ಬಿಸಿ ಕುಡಿಸಿ, ಆಮೇಲೆ ಹಿಂಡಿದ ಹಾಲನ್ನ ಒಳಲೇಲಿ ಹಾಕಿ ಅಂದ್ರು. ಎರಡನೇ ದಿನಕ್ಕೆ ಕಕ್ಕ ಬಂತು, ನಾಲ್ಕನೇ ದಿನಕ್ಕೆ ತೂಕ ಏರಕ್ಕೆ ಶುರುವಾಯ್ತು.

ಈಗ ನನ್ನ ಮಗಳಿಗೆ ಒಂಬತ್ತು ತಿಂಗಳು, ಆರು ತಿಂಗಳಿಗೆ ರಾಗಿ ಸರಿ ಶುರು ಮಾಡಿದಾಗ ನಿಜವಾಗ್ಲೂ ಗಟ್ಟಿ ಹಿಕ್ಕೆ ಕಂಡ್ವಿ, ನೀರು ಸ್ವಲ್ಪ ಸ್ವಲ್ಪ ಕೊಡಕ್ಕೆ ಶುರು ಮಾಡಿ, ಸರಿ ತೆಳು ಮಾಡಿ, ಪರಂಗಿ ಹಣ್ಣು ಕಿವುಚಿ ಕೊಟ್ಟ ಮೇಲೆ ಸರಿಹೋಯ್ತು. ಮೊನ್ನೆ ನಾದಿನಿ ಮತ್ತೆ ಫೋನ್ ಮಾಡಿದ್ಲು, ಅವಳ ಮಗುಗೆ ಈಗ ಎರಡು ತಿಂಗಳು.

‘ಅತ್ತಿಗೆ, ಆರು ದಿನ ಆಯ್ತು.’

‘ಉಚ್ಚೆ?’

‘ಎಂಟು.’

‘ಹೊಟ್ಟೆ ಮೆತ್ತಗಿದೆಯಾ? ತೂಕ?’

‘ಮೆತ್ತಗಿದೆ. 4.2. ನಮ್ಮತ್ತೆ ವೀಳ್ಯದೆಲೆ ತರ್ಸಿದಾರೆ.’

‘ಊಟ ಆದ್ಮೇಲೆ ಹಾಕ್ಕೊಳಕ್ಕೆ ಹೇಳು, ಪಾಪುಗೆ ಬೇಡ’ ಅಂದೆ.